ಠಾಣೆಯಿಂದ ತುರ್ಭೆಗೆ, ಒಂದು ಸೂಜಿಯ ಹಿಂದೆ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ನಾನು ಮುಂಬೈ ಪಕ್ಕದ ಠಾಣೆಯಲ್ಲಿ ಅಕ್ಯುಪಂಕ್ಚರ್ ಕಲಿಯುತ್ತಿರುವವನು. ಕುತ್ತಿಗೆ ನೋವೆಂದು ಬಂದು ಬೋರಲು ಮಲಗಿದ್ದ ಭೀಮಪ್ಪ ಕಾಕಾರ ಸೂಜಿಗಳನ್ನು, ಕಲಿಸುವ ಮಾಲತಿ ಮೇಡಂ ಬರುವ ತನಕ ಕಾಯದೆ ನಾನೇ ತೆಗೆದೆ. ಸಾಲದ್ದಕ್ಕೆ ಪರದೆಯಾಚೆ ಇದ್ದ, ಜೊತೆಗೆ ಕಲಿಯುವ ಗೆಳತಿಯರನ್ನು ನಗಿಸಲು ಮೇಡಂ ದನಿಯಲ್ಲೇ ಎಣಿಸಿದೆ. "ಹನ್ನೊಂದು, ಹನ್ನೆರಡು. ಆಯ್ತು, ಏಳಿ ಮಾರಾಯ್ರೆ!"

ಗೆಳತಿಯರು ನಕ್ಕರು. ಕಾಕಾ ಅಂಗಿ ತೊಟ್ಟು ಹೋದರು. ಅರ್ಧ ಗಂಟೆಯ ಮೇಲೆ ಮೇಡಂ ತಟ್ಟೆ ನೋಡಿದರೆ, ಹಾಕಿದ್ದು ಹನ್ನೆರಡು, ಇದ್ದ ಸೂಜಿ ಹನ್ನೊಂದೇ.

ಹಾಸಿಗೆ ಕೊಡವಿದೆವು, ನೆಲ ಗುಡಿಸಿದೆವು. ಉಳಿದದ್ದು ಒಂದೇ ಜಾಗ: ಕಾಕಾರ ನೆತ್ತಿ, ಕೂದಲ ನಡುವೆ. ಅವರೋ ತುರ್ಭೆಯ ಈರುಳ್ಳಿ ಮಾರುಕಟ್ಟೆಯ ಹಮಾಲರು, ತಲೆಯ ಮೇಲೆ ಮೂಟೆ ಹೊರುವವರು. ನೇರ ಕೆಲಸಕ್ಕೇ ಹೋಗಿದ್ದರು. ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಹತ್ತು ಹತ್ತು ರೂಪಾಯಿಯ ಟಿಕೆಟು ತೆಗೆದು ಇಬ್ಬರೂ ಲೋಕಲ್ ಹತ್ತಿದೆವು. ಮೇ ತಿಂಗಳ ಸೆಕೆ. ನಾನು ಡೊಂಬಿವಲಿಯಿಂದ, ಮೇಡಂ ಕಲ್ಯಾಣದಿಂದ ಬೆಳಿಗ್ಗೆಯೇ ನಿಂತುಕೊಂಡು ಬಂದವರು, ಈಗಲೂ ನಿಂತೆವು. ಐರೋಲಿ, ರಬಾಳೆ, ಘನ್ಸೋಲಿ. ರೈಲಿನಲ್ಲಿ ನಿಲ್ದಾಣ ಕೂಗುವ ಹೆಂಗಸಿನ ದನಿಯನ್ನೂ ನಾನು ಚೆನ್ನಾಗಿ ಮಾಡುತ್ತೇನೆ. ಅಂದು ಅದನ್ನು ಬಿಟ್ಟು ಮೇಡಂ ಕಡೆ ತಿರುಗಿದೆ.

"ಮೇಡಂ, ನನ್ನ ತರಬೇತಿ ಪುಸ್ತಕಕ್ಕೆ ಕೊನೇ ಸಹಿ..."

"ಮೊದಲು ಅವರ ತಲೆ ನೋಡುವ ಮಾರಾಯ. ನಿನ್ನ ಪುಸ್ತಕ ಆಮೇಲೆ."

ತುರ್ಭೆಯಲ್ಲಿ ಇಳಿದರೆ, ಮಾರುಕಟ್ಟೆಯಷ್ಟು ಹತ್ತಿರದ ದಾರಿಗೆ ಯಾವ ರಿಕ್ಷಾದವನೂ ಬರಲಿಲ್ಲ. ಲಾರಿಗಳ ಸಂದಿಯಲ್ಲಿ, ಹಾರುವ ಈರುಳ್ಳಿ ಸಿಪ್ಪೆಯಲ್ಲಿ ಕಾಲು ಗಂಟೆ ನಡೆದೆವು. ಕಾಕಾ ಕಂಡಾಗ ತಲೆ ಬಗ್ಗಿಸಿ ನಿಂತಿದ್ದರು. ಇಬ್ಬರು ಆಗಷ್ಟೇ ಬಂದ ಲಾರಿಯ ಮೊದಲ ಮೂಟೆಯನ್ನು ಅವರ ತಲೆಗೆ ಎತ್ತುತ್ತಿದ್ದರು.

"ಕಾಕಾ, ರುಕೋ! ರುಕೋ!" ಎಂದು ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ.

"ಭೀಮಪ್ಪಾ, ನಿಲ್ಲಿ!" ಎಂದರು ಮೇಡಂ. ಮೂಟೆ ಅಲ್ಲೇ ನಿಂತಿತು.

ಮೂಟೆಯ ಮೇಲೆ ಕಾಕಾರನ್ನು ಕೂರಿಸಿ ಮೇಡಂ ಕೂದಲು ಬಿಡಿಸಿದರು. ಸೂಜಿ ಅಲ್ಲೇ ಅಡ್ಡಡ್ಡ ಮಲಗಿತ್ತು. ತೆಗೆದು ಹತ್ತಿ ಒತ್ತಿ, "ಎಣಿಸು" ಎಂದರು.

"ಹನ್ನೆರಡು," ಎಂದೆ. ನನಗೇ ಕೇಳಿಸಲಿಲ್ಲ.

"ಚುರುಚುರು ಅನ್ನಲಿಲ್ವಾ? ಹೇಳ್ಬಾರ್ದಾ ನೀವು?" ಮೇಡಂ ಕಾಕಾರನ್ನು ಕೇಳಿದರು.

"ಅಂತಿತ್ರೀ ಮೇಡಂ. ಆದ್ರ ನೀವ ಹನ್ನೆರಡು ಅಂದ್ರಲ್ರೀ? ನಿಮ್ಮ ಮಾತಿನ ಮ್ಯಾಲ ಎದ್ದು ಬಂದೆ."

ಮೇಡಂ ನನ್ನತ್ತ ತಿರುಗಿದರು. ಅವರ ದನಿ ಮಾಡಿ ಎಣಿಸಿದ್ದು ನಾನೇ ಎಂದು ಅಷ್ಟೂ ಹಮಾಲರ ಎದುರು ಒಪ್ಪಿಕೊಂಡೆ. "ಏಕ್ ಬಾರ್ ಕರ್ ಕೇ ದಿಖಾ ನಾ, ಭಾಯ್," ಎಂದ ಒಬ್ಬ, ಆ ದನಿ ಒಮ್ಮೆ ಮಾಡಿ ತೋರಿಸು ಅಂತ.

"ಇನ್ನು ಇವನ ಕೈಲಿ ಸೂಜಿ ಹಾಕಿಸ್ಕೊಳ್ತೀರಾ?" ಮೇಡಂ ಕೇಳಿದರು. "ನೀವು ಹೂಂ ಅಂದ್ರೆ ಮಾತ್ರ ಇವನಿಗೆ ಸಹಿ."

ಕಾಕಾ ತಲೆಯ ವಸ್ತ್ರದಿಂದ ಮುಖ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಾಕ್ಲಿ ಬಿಡ್ರಿ. ಆದ್ರ ತನ್ನ ದನ್ಯಾಗ ಎಣಸ್ಲಿ. ಆವಾಗ ನಾನೂ ಜೋಡಿ ಎಣಸ್ತೀನಿ."