ಬೋಟಿನ ಗ್ರೀಸ್

ಕಾಪುವಿನ ನಮ್ಮ ಮನೆಯಂಗಳದಲ್ಲಿ ಇಪ್ಪತ್ತು ವರ್ಷ ದಾಟಿದ ಒಂದು ಜಪಾನಿ ಕಾರು ಉಂಟು. ಸಮುದ್ರದ ಗಾಳಿಗೆ ಅದರ ತಳವೆಲ್ಲ ತುಕ್ಕು. "ಗುಜರಿಗೆ ಹಾಕು ಮಾರಾಯ" ಎಂದವರ ಜೊತೆ ನಾನು ತಿಂಗಳುಗಟ್ಟಲೆ ಮಾತು ಬಿಟ್ಟದ್ದಿದೆ. ವಾರವಿಡೀ ಉಡುಪಿಯ ಆಫೀಸಿನಲ್ಲಿ ಕಡತ ಹೊರುವ ನಾನು ಭಾನುವಾರ ಮಾತ್ರ ಮನುಷ್ಯನಾಗುತ್ತಿದ್ದುದು ಆ ಕಾರಿನ ಅಡಿಯಲ್ಲಿ.

ಅದನ್ನು ಓಡಿಸುತ್ತಿದ್ದವಳು ನನ್ನ ಹೆಂಡತಿ. ಅವಳು ಮಣಿಪಾಲದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸದಲ್ಲಿದ್ದಾಳೆ. ಹದಿನೈದು ವರ್ಷ ಎರಡೆರಡು ಬಸ್ಸು ಬದಲಿಸಿ, ಬಾಗಿಲಲ್ಲಿ ನೇತಾಡಿಕೊಂಡು ಹೋಗಿ ಬಂದವಳು ನಲವತ್ತಮೂರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಕಲಿಸಿದವನು ನಾನೇ. ನನ್ನ ಬಾಯಿಂದ ಅವಳು ತಿಂದ ಬೈಗುಳ ಒಂದೆರಡಲ್ಲ. ಆದರೂ ಹಟ ಬಿಡಲಿಲ್ಲ. ಮೊದಲ ಸಲ ಒಬ್ಬಳೇ ಮಣಿಪಾಲಕ್ಕೆ ಹೋಗಿ ಬಂದ ದಿನ ಅವಳ ಮುಖದಲ್ಲಿದ್ದ ಆ ಗತ್ತನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗಿತ್ತು.

ಕಳೆದ ಬೇಸಗೆಯಲ್ಲಿ ಕಾರಿನ ಬ್ರೇಕನ್ನು ಮೇಲ್ದರ್ಜೆಗೆ ಏರಿಸುವ ಹುಚ್ಚು ನನಗೆ ಹಿಡಿಯಿತು. ಅದೇ ಕಾರಿನ ದೊಡ್ಡ ಇಂಜಿನಿನ ಮಾದರಿಗೆ ಚಕ್ರದೊಡನೆ ತಿರುಗುವ ಬ್ರೇಕ್ ಡಿಸ್ಕ್ ದೊಡ್ಡದಿರುತ್ತದೆ. ಕಾರ್ಕಳದ ಗುಜರಿಯಲ್ಲಿ ಅಂಥ ಕಾರೊಂದು ಬಂದಿದೆ ಎಂದು ಗೊತ್ತಾಗಿ ಓಡಿದೆ. ಡಿಸ್ಕುಗಳನ್ನೂ, ಅವಕ್ಕೆ ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರುಗಳನ್ನೂ ಬಿಚ್ಚಿಸಿ ತಂದೆ. ಕ್ಯಾಲಿಪರಿನೊಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಸೀಲ್ ಬದಲಿಸಲು ಹೊಸ ಕಿಟ್ ತಂದೆ. ಕಿಟ್ಟಿನೊಳಗೆ ಶ್ಯಾಂಪೂ ಪೊಟ್ಟಣಕ್ಕಿಂತಲೂ ಸಣ್ಣದಾದ ಒಂದು ಗ್ರೀಸ್ ಪೊಟ್ಟಣವಿತ್ತು.

"ಇಷ್ಟರಲ್ಲಿ ಎಂತ ಆಗ್ತದೆ?" ಎಂದು ನಕ್ಕು ಅದನ್ನು ಆಚೆ ಎಸೆದೆ.

ನನ್ನಪ್ಪ ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದವರು. ನಮ್ಮ ಮನೆಯಲ್ಲಿ ಉಪ್ಪು ಗಾಳಿಗೆ ಇದ್ದ ಮದ್ದು ಒಂದೇ, ಡಬ್ಬಿಗಟ್ಟಲೆ ಬರುತ್ತಿದ್ದ ಬೋಟಿನ ಗ್ರೀಸ್. ಗೇಟಿನ ಚಿಲಕ, ಬಾವಿಯ ರಾಟೆ, ಸೈಕಲ್ಲಿನ ಚೈನು, ಎಲ್ಲದಕ್ಕೂ ಮಳೆಗಾಲಕ್ಕೆ ಮೊದಲು ಬಳಿಯಲೇಬೇಕು. ಆ ಅಭ್ಯಾಸದಲ್ಲೇ ಕ್ಯಾಲಿಪರಿನ ಹೊಸ ಸೀಲುಗಳಿಗೂ ಎರಡು ಬೆರಳು ತುಂಬ ಅದೇ ಗ್ರೀಸ್ ತೆಗೆದು ಬಳಿದು ಕಾರಿಗೆ ಜೋಡಿಸಿದೆ. ಇನ್ನು ಹತ್ತು ವರ್ಷ ಇದಕ್ಕೆ ಸಾವಿಲ್ಲ ಎಂದು ಬೀಗಿದೆ ಕೂಡ.

ಮೂರು ವಾರ ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಗುರುವಾರ ಸಂಜೆ ಅವಳು ಬಂದು, "ಎಂತದೋ ಕರಟಿದ ವಾಸನೆ ಬರ್ತದೆ ಮಾರಾಯ್ರೆ, ಯಾರೋ ಹಿಂದಿನಿಂದ ಎಳೆದ ಹಾಗೆ ಆಗ್ತದೆ" ಎಂದಳು.

"ಹೊಸ ಪ್ಯಾಡ್ ಅಲ್ವಾ, ಕೂರ್ಲಿಕ್ಕೆ ಸ್ವಲ್ಪ ಸಮಯ ಬೇಕು. ನಿನಗೆ ಎಲ್ಲದಕ್ಕೂ ಹೆದರಿಕೆ" ಎಂದೆ. ಎದ್ದು ಹೋಗಿ ಒಮ್ಮೆ ಚಕ್ರ ಮುಟ್ಟಿ ನೋಡಿದ್ದರೆ ಕೈ ಸುಡುತ್ತಿತ್ತು. ನಾನು ಏಳಲಿಲ್ಲ.

ಶನಿವಾರ ಮಧ್ಯಾಹ್ನ ಮಣಿಪಾಲದಿಂದ ಉಡುಪಿಗೆ ಇಳಿಯುವ ಇಳಿಜಾರಿನಲ್ಲಿ ಕಾರು ನಿಲ್ಲಲಿಲ್ಲ. ಎದುರಿನ ಬಸ್ಸನ್ನು ತಪ್ಪಿಸಲು ಅವಳು ಎಡಕ್ಕೆ ಎಳೆದಳು. ರಸ್ತೆ ಬದಿಯಲ್ಲಿ ಮೀನಿನ ಬುಟ್ಟಿ ಇಳಿಸಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರಿಗೆ ತಾಗಿ ಕಾರು ಆವರಣದ ಗೋಡೆಗೆ ಗುದ್ದಿತು. ಆ ಹೆಂಗಸಿನ ಕಾಲು ಮುರಿಯಿತು.

ನಾನು ಅಲ್ಲಿಗೆ ಮುಟ್ಟುವಾಗ ಒಂದು ಗಂಟೆ ಕಳೆದಿತ್ತು, ಆ ಹೆಂಗಸನ್ನು ಆಸ್ಪತ್ರೆಗೆ ಸಾಗಿಸಿದ್ದರು. ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. "ಬ್ರೇಕ್ ನೆಲಕ್ಕೇ ಹೋಯ್ತು" ಎಂದಳು. ನಾನು ಕಾರಿನೊಳಗೆ ಕುಳಿತು ಪೆಡಲ್ ಒತ್ತಿದೆ. ಕಲ್ಲಿನ ಹಾಗೆ ಗಟ್ಟಿ ಇತ್ತು.

"ಬ್ರೇಕ್ ಸರಿ ಉಂಟಲ್ಲ ಮಾರಾಯ್ತಿ! ನೀನು ಎಕ್ಸಲರೇಟರ್ ಒತ್ತಿದ್ದು" ಎಂದೆ. ಸೇರಿದ್ದ ಹತ್ತಾರು ಜನರಿಗೆಲ್ಲ ಕೇಳುವಂತೆಯೇ ಹೇಳಿದೆ. "ಹೆಂಗಸರ ಕೈಗೆ ಗಾಡಿ ಕೊಟ್ರೆ ಹೀಗೇ" ಎಂದು ಒಬ್ಬ ರಿಕ್ಷಾದವನು ಹೇಳಿದ. ನಾನು ಅವನಿಗೆ ಬಾಯಿ ಮುಚ್ಚು ಎನ್ನಲಿಲ್ಲ.

ಸೋಮವಾರ ರಜೆ ಹಾಕಿ, ಅಂಗಳಕ್ಕೆ ಎಳೆದು ತಂದಿದ್ದ ಕಾರಿನ ಚಕ್ರ ಬಿಚ್ಚಿದೆ. ಡಿಸ್ಕ್ ಬಿಸಿಗೆ ಸುಟ್ಟು ನೀಲಿಯಾಗಿತ್ತು. ಕ್ಯಾಲಿಪರ್ ಬಿಚ್ಚಿದರೆ ನಾನೇ ಹಾಕಿದ ಸೀಲು ಉಬ್ಬಿ, ಮೆತ್ತಗಾಗಿ, ಉಗುರಿಗೆ ಕಿತ್ತು ಬರುತ್ತಿತ್ತು. ಬ್ರೇಕಿನ ರಬ್ಬರಿಗೆ ಬೋಟಿನ ಗ್ರೀಸ್ ಆಗಿಬರುವುದಿಲ್ಲ. ಸೀಲು ಉಬ್ಬಿದರೆ ಪ್ಯಾಡ್ ಹಿಂದೆ ಸರಿಯದೆ ಉಜ್ಜುತ್ತಲೇ ಇರುತ್ತದೆ, ಆ ಬಿಸಿಗೆ ಬ್ರೇಕ್ ಆಯಿಲ್ ಕುದಿಯುತ್ತದೆ, ಕುದಿದು ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ. ತಣ್ಣಗಾದ ಮೇಲೆ ಮತ್ತೆ ಗಟ್ಟಿ. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸೀಲನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನ ಅಡಿಗೆ ತುರುಕಿದೆ. ನಾಳೆ ಹೇಳುತ್ತೇನೆ ಅಂದುಕೊಂಡೆ. ಮಂಗಳವಾರವೂ ಹಾಗೇ ಅಂದುಕೊಂಡೆ.

ಬುಧವಾರ ಇಬ್ಬರೂ ಆ ಹೆಂಗಸಿನ ಮನೆಗೆ ಹೋದೆವು. ಕಾಲಿಗೆ ಪ್ಲಾಸ್ಟರ್ ಹಾಕಿ ಮಂಚದ ಮೇಲೆ ಮಲಗಿಸಿದ್ದರು. ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡು, "ತಪ್ಪು ನನ್ನದೇ ಅಕ್ಕ, ನನಗೆ ಬ್ರೇಕ್ ಯಾವುದು ಅಂತ ಗೊತ್ತಾಗ್ಲಿಲ್ಲ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

"ಇರ್ಲಿ ಮಗಾ, ಬೇಕು ಅಂತ ಮಾಡಿದ್ದಲ್ಲ ಅಲ್ವಾ" ಎಂದು ಅವರೇ ಸಮಾಧಾನ ಹೇಳಿದರು. ನಾನು ಬಾಗಿಲ ಹತ್ತಿರ ಹಣ್ಣಿನ ಚೀಲ ಹಿಡಿದುಕೊಂಡು ನಿಂತಿದ್ದೆ.

ಶುಕ್ರವಾರ ಸಂಜೆ ಅವಳು ತಂಗಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಇನ್ನು ನಾನು ಸ್ಟಿಯರಿಂಗ್ ಮುಟ್ಟುವುದಿಲ್ಲ. ಎಕ್ಸಲರೇಟರ್ ಮೇಲೆ ಕಾಲಿಟ್ಟದ್ದು ನನಗೀಗ ಚೆನ್ನಾಗಿ ನೆನಪಿಗೆ ಬರ್ತದೆ" ಎನ್ನುವುದು ಕೇಳಿಸಿತು. ಇಡದ ಕಾಲು ಅವಳ ನೆನಪಿಗೆ ಬರುತ್ತಿದೆ! ಅವಳು ಫೋನ್ ಇಟ್ಟ ಕೂಡಲೇ ಟೂಲ್ ಬಾಕ್ಸಿನಿಂದ ಬಟ್ಟೆಯ ಗಂಟು ತಂದು ಬಿಚ್ಚಿ ಅವಳ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಉಬ್ಬಿದ ಆ ರಬ್ಬರನ್ನು ಬೆರಳಿನಲ್ಲಿ ಒತ್ತಿ ನೋಡಿದಳು.

"ನಿಮಗೆ ಯಾವಾಗ ಗೊತ್ತಾದದ್ದು?"

"ಸೋಮವಾರ."

ಅವಳು ರಬ್ಬರನ್ನು ಬಟ್ಟೆಯ ಮೇಲೆ ಇಟ್ಟಳು. "ಹಾಗಾದ್ರೆ ಬುಧವಾರ ನಾನು ಅಲ್ಲಿ ಅಳುವಾಗ ನಿಮಗೆ ಗೊತ್ತಿತ್ತು."

"ಹೌದು" ಎಂದೆ.

ಅವಳು ಎದ್ದು ಮುಖ ತೊಳೆದು, ಸೀರೆ ಬದಲಿಸಿ, ಸೀಲನ್ನು ಪರ್ಸಿಗೆ ಹಾಕಿಕೊಂಡಳು. ರಸ್ತೆಗೆ ಹೋಗಿ ರಿಕ್ಷಾ ನಿಲ್ಲಿಸಿದಳು. ನಾನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಓಡಿ ಹತ್ತಲು ಹೋದೆ.

"ನೀವು ಬರುವುದು ಬೇಡ" ಎಂದಳು. "ನನ್ನ ಕಾಲು ಬ್ರೇಕಿನ ಮೇಲೆಯೇ ಇತ್ತು ಅಂತ ಆ ಅಕ್ಕನಿಗೆ ನಾನೇ ಹೇಳಿ ಬರ್ತೇನೆ."