ಬೇಶೆನಾಲಿ ಮೇಷ್ಟ್ರು ಮುಚ್ಚಿದ ಕಿಟಕಿ

ಹಿಮಬೆಟ್ಟಗಳ ತಪ್ಪಲಿನ ಕರಾಕೋಲ್ ಊರಿನಲ್ಲಿ ಯಾರನ್ನಾದರೂ ನಿಲ್ಲಿಸಿ ಬೇಶೆನಾಲಿ ಮೇಷ್ಟ್ರ ಮೀನಿನ ವಿಷಯ ಕೇಳಿ ನೋಡಿ, ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ. ಹಾಗೆ ನಗುವುದನ್ನು ಊರಿಗೆ ಕಲಿಸಿದವರು ಬೇರೆ ಯಾರೂ ಅಲ್ಲ, ಸ್ವತಃ ಮೇಷ್ಟ್ರೇ. ಮದುವೆ ಮನೆಯಲ್ಲಾಗಲಿ, ಹಲ್ಲಿನ ಡಾಕ್ಟರ ಬಾಗಿಲಲ್ಲಾಗಲಿ, ಪಕ್ಕದಲ್ಲಿ ಕೂತವರಿಗೆ ಒಂದು ಜೊತೆ ಕಿವಿ ಇದ್ದರೆ ಸಾಕು. "ಮೂವತ್ತನಾಲ್ಕು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ ಕತ್ತೆಯೊಂದರ ಕತೆ ಹೇಳ್ಲಾ?" ಎಂದು ಶುರುಮಾಡುತ್ತಾರೆ. ಆ ಕತ್ತೆ ಯಾರೆಂದು ಕೇಳುವವರಿಗೆ ಆಗಲೇ ಗೊತ್ತಿರುತ್ತದೆ.

ಮೇಷ್ಟ್ರು ಕುರಿ ಕಾಯುವವರ ಮಗ. ಬೆಟ್ಟದ ಹುಲ್ಲುಗಾವಲಿನಲ್ಲಿ ಕಂಬಳಿ ಗುಡಾರದೊಳಗೆ ಹುಟ್ಟಿದವರು. ಅವರ ತಾಯಿಗೆ ತೋಳ ಬಂದರೆ ಹೆದರಿಕೆ ಇರಲಿಲ್ಲ, ಕೋಲು ತೆಗೆದುಕೊಂಡು ಹೊರಡುತ್ತಿದ್ದಳು. ಹೆದರಿಕೆ ಇದ್ದದ್ದು ಸಂದಿಗಾಳಿಗೆ. ಬಾಗಿಲಿಂದ ಬಂದ ಗಾಳಿ ನೆಂಟ, ಸಂದಿಯಿಂದ ಬಂದ ಗಾಳಿ ಕಳ್ಳ ಎನ್ನುವುದು ಅವಳ ಮಾತು. ಆ ಕಳ್ಳ ನುಗ್ಗದಂತೆ ಮಗನ ಎರಡೂ ಕಿವಿಗೆ ಕುರಿಯ ಉಣ್ಣೆ ತುರುಕಿ ಬೆಳೆಸಿದಳು. ಮದುವೆಯ ದಿನವೂ ಉಣ್ಣೆ ಕಿವಿಯಲ್ಲೇ ಇತ್ತು. "ತೆರೆಯ ಹಿಂದೆ ಕೂತಿದ್ದ ಮದುಮಗಳು ಬುರುಲ್ಚಾ ನನ್ನ ಹತ್ತಿರ ಆಡಿದ ಮೊದಲನೇ ಮಾತೇ ನನಗೆ ಕೇಳಿಸಲಿಲ್ಲ. ಸುಮ್ಮನೆ ತಲೆ ಅಲ್ಲಾಡಿಸಿದೆ. ಅವಳು ಮುಖ ತಿರುಗಿಸಿದಳು. ಏನಂದಳೋ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ" ಎಂದು ಮೇಷ್ಟ್ರು ಹೇಳುತ್ತಿದ್ದರು.

ತಾಯಿ ಹೋದಳು, ಅವಳ ಸಂದಿಗಾಳಿ ಉಳಿಯಿತು. ವರ್ಷ ವರ್ಷ ನವೆಂಬರ್ ಬಂತೆಂದರೆ ಮೇಷ್ಟ್ರು ಮೈದಾ ಅಂಟು ಕುದಿಸಿ, ಹಳೆಯ ವಿದ್ಯಾರ್ಥಿಗಳ ನೋಟ್‌ಬುಕ್ಕು, ಪರೀಕ್ಷೆಯ ಹಾಳೆಗಳನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಮನೆಯ ಕಿಟಕಿಗಳ ಸಂದುಗೊಂದನ್ನೆಲ್ಲ ಮುಚ್ಚಿಬಿಡುವರು. ಊರಿನಲ್ಲಿ ಎಲ್ಲರೂ ಮುಚ್ಚುತ್ತಾರೆ, ಸುಳ್ಳಲ್ಲ. ಆದರೆ ಎಲ್ಲರೂ ಒಂದು ಪುಟ್ಟ ಕಿಂಡಿಯನ್ನಾದರೂ ಬಿಟ್ಟುಕೊಳ್ಳುತ್ತಾರೆ. ಮೇಷ್ಟ್ರು ಅದನ್ನೂ ಬಿಡುವವರಲ್ಲ. ಕೆಲಸ ಮುಗಿದ ಮೇಲೆ ಉರಿಯುವ ಬೆಂಕಿಕಡ್ಡಿ ಹಿಡಿದು ಕಿಟಕಿಯ ಸುತ್ತ ಸುತ್ತುವರು. ಜ್ವಾಲೆ ಅಲುಗಿದರೆ ಇನ್ನೊಂದು ಪಟ್ಟಿ.

ನಿವೃತ್ತಿಯಾದಾಗ ಶಾಲೆಯ ಮೇಷ್ಟ್ರುಗಳೆಲ್ಲ ಸೇರಿ ನಾಲ್ಕು ಏಂಜೆಲ್ ಮೀನು, ನಾಲ್ಕು ಬಕೆಟ್ ನೀರು ಹಿಡಿಯುವ ಗಾಜಿನ ತೊಟ್ಟಿ, ಗುಳುಗುಳು ಎನ್ನುವ ಒಂದು ಗಾಳಿ ಪಂಪು ಕೊಟ್ಟರು. ಮೇಷ್ಟ್ರು ಅದಕ್ಕೆ ಬಿಗಿಯಾದ ಗಾಜಿನ ಮುಚ್ಚಳ ತಾವೇ ಮಾಡಿಸಿದರು, ಮೀನಿಗೂ ಶೀತವಾಗಬಾರದಲ್ಲ! ಬೆಳಿಗ್ಗೆ ಎದ್ದು ಹೆಂಡತಿಗಿಂತ ಮೊದಲು ಮೀನುಗಳನ್ನು ಮಾತಾಡಿಸುವರು. ಬುರುಲ್ಚಾಗೆ ಅದರ ಬಗ್ಗೆ ಬೇಸರವಿಲ್ಲ. "ಅವಕ್ಕೆ ಎದ್ದು ಹೋಗೋಕೆ ಜಾಗ ಇಲ್ಲ, ಕೇಳ್ಕೊಂಡಿರ್ತವೆ ಪಾಪ" ಎನ್ನುವಳು.

ಮೊದಲ ಚಳಿಗಾಲದಲ್ಲೇ ಎರಡು ಮೀನು ಸತ್ತವು. ಮೇಷ್ಟ್ರು ಅವನ್ನು ತಮ್ಮ ಮನೆಯಿದ್ದ ಕಟ್ಟಡದ ಅಂಗಳದಲ್ಲಿ, ಪಾಪ್ಲರ್ ಮರದ ಬುಡದಲ್ಲಿ ಹೂತರು. ಕೊಟ್ಟವರಿಗೆ ಹೇಳಲು ಮುಖವಿಲ್ಲದೆ, ಯಾರು ಕೇಳಿದರೂ "ಇನ್ನೆರಡು ಗಿಡದ ಹಿಂದೆ ಇವೆ, ನಾಚಿಕೆ ಅವಕ್ಕೆ" ಎಂದರು. ಫಿಸಿಕ್ಸ್ ಮೇಷ್ಟ್ರು ಶಾಬ್ದಾನ್ ಬಂದಾಗಲೆಲ್ಲ ತೊಟ್ಟಿಯ ಹಿಂದಕ್ಕೆ ಕತ್ತು ಚಾಚಿ, "ಏನಯ್ಯಾ, ಎರಡು ವರ್ಷದಿಂದ ನಾಚಿಕೆನಾ? ಮದುಮಗಳೂ ಇಷ್ಟು ದಿನ ತೆರೆ ಹಿಂದೆ ಕೂರಲ್ಲ" ಎನ್ನುವರು.

ಈಗ ಫೆಬ್ರವರಿ. ಮುಂದಿನ ಭಾನುವಾರ ಮೇಷ್ಟ್ರಿಗೆ ಎಪ್ಪತ್ತು ತುಂಬುತ್ತದೆ, ಮೀನು ಕೊಟ್ಟವರೆಲ್ಲ ಊಟಕ್ಕೆ ಬರುತ್ತಾರೆ. ಉಳಿದ ಎರಡು ಮೀನು ಬೆಳಗಾದರೆ ನೀರಿನ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಮೇಷ್ಟ್ರು ಬಣ್ಣದ ಕಾಗದ ಅದ್ದಿ ಪಿಎಚ್ ನೋಡಿದರು. ಏಳು ಅಂದರೆ ಸಮ, ಕೆಳಗಿಳಿದಷ್ಟೂ ಹುಳಿ. ಬೇಸಿಗೆಯಲ್ಲಿ ಏಳೂವರೆ ಇದ್ದ ನೀರು ಆರೂವರೆಗೆ ಇಳಿದಿತ್ತು. ಮರಳಿನ ಮೇಲೆ ಅನುಮಾನಪಟ್ಟರು, ತೊಳೆದರು. ಗಿಡದ ಮೇಲೆ ಅನುಮಾನಪಟ್ಟರು, ಕಿತ್ತರು. ನಲ್ಲಿಯ ನೀರನ್ನು ಬೈದರು. ಕೊನೆಗೆ ಒಂದು ಜಾಡಿಯಲ್ಲಿ ತೊಟ್ಟಿಯ ನೀರನ್ನು ಮುಕ್ಕಾಲು ತುಂಬಿಕೊಂಡು ಮಿನಿಬಸ್ಸು ಹತ್ತಿ ಊರಾಚೆಯ ಹಾಲಿನ ಡೇರಿಗೆ ಹೋದರು. ಅಲ್ಲಿ ಹಾಲಿನ ಹುಳಿ ಅಳೆಯುವ ಯಂತ್ರವಿತ್ತು, ಆ ಯಂತ್ರದ ಮುಂದೆ ಅವರದೇ ಶಿಷ್ಯೆ ನಾಜಿಕ ಕೂತಿದ್ದಳು.

"ಏಳೂವರೆ ಇದೆ ಅಗಾಯ್" ಎಂದಳು ನಾಜಿಕ. ಮೇಷ್ಟ್ರನ್ನು ಅಲ್ಲಿ ಅಗಾಯ್ ಎಂದೇ ಕರೆಯುವುದು. "ನೀರು ಚೆನ್ನಾಗಿದೆಯಲ್ಲ."

"ನಿನ್ನ ಯಂತ್ರ ಕೆಟ್ಟಿದೆ ಮಗಳೇ. ಮನೇಲಿ ಆರೂವರೆ ತೋರಿಸ್ತು."

"ಬೆಳಿಗ್ಗೆ ತಾನೇ ಸರಿಮಾಡಿದೀನಿ. ನಿಮ್ಮ ಕಾಗದ ಹಳೇದೇನೋ."

"ನನ್ನ ಕಾಗದ ಹಳೇದು, ನಾನೂ ಹಳಬ. ಇರಲಿ, ಅಡಿಗೆ ಸೋಡಾ ಎಷ್ಟು ಚಮಚ ಹಾಕಲಿ ಅಂತ ಮಾತ್ರ ಹೇಳು."

ನಾಜಿಕ ಎದ್ದೇ ನಿಂತಳು. "ಸೋಡಾ ಮುಟ್ಟಬೇಡಿ! ಜಾಡಿ ಹೇಗೆ ತಂದ್ರಿ?"

"ತೊಡೆ ಮೇಲೆ, ಜಾಡಿ ಬಾಯಿಗೆ ಬರೀ ಬಟ್ಟೆ ಕಟ್ಟಿ. ಆ ಡ್ರೈವರ್ ಒಂದು ಹಳ್ಳಾನೂ ಬಿಡಲಿಲ್ಲ ನೋಡು, ಜಾಡಿ ಮಜ್ಜಿಗೆ ಕಡೆದ ಹಾಗೆ ಕುಲುಕ್ತಾ ಇತ್ತು."

ಅವಳು ನಗುವನ್ನು ತುಟಿಯಲ್ಲೇ ಹಿಡಿದುಕೊಂಡಳು. "ನಾಳೆ ಇನ್ನೊಂದು ಸಲ ತನ್ನಿ. ಬಾಟಲಿಯನ್ನ ತೊಟ್ಟಿಯೊಳಗೇ ಮುಳುಗಿಸಿ, ಕಂಠಮಟ್ಟ ತುಂಬಿಸಿ, ನೀರೊಳಗೇ ಮುಚ್ಚಳ ಹಾಕಿ. ಒಂದು ಗುಳ್ಳೇನೂ ಇರಬಾರದು."

ಮರುದಿನ ಹಾಗೇ ತಂದರು. ಯಂತ್ರ ಆರೂವರೆ ತೋರಿಸಿತು. ನಾಜಿಕ ಎರಡು ಲೋಟ ತೆಗೆದುಕೊಂಡು, ಬಿಸಿ ಚಹಾ ಆರಿಸುವವರ ಹಾಗೆ ಆ ನೀರನ್ನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಎತ್ತೆತ್ತಿ ಹತ್ತಿಪ್ಪತ್ತು ಸಲ ಸುರಿದಳು. ಮತ್ತೆ ಅಳೆದಳು. ಏಳೂವರೆ.

"ನಾನು ಏನಾದ್ರೂ ಹಾಕಿದೆನಾ ಅಗಾಯ್?"

"ಇಲ್ಲ."

"ಹಾಗಾದ್ರೆ ಏನು ಹೋಯ್ತು?"

ಮೇಷ್ಟ್ರ ಕಿವಿ ಕೆಂಪಾಯಿತು. ಮೂವತ್ತನಾಲ್ಕು ವರ್ಷ, ಪ್ರತಿ ತರಗತಿಯಲ್ಲಿ, ಸೋಡಾ ಬಾಟಲಿ ಕುಲುಕಿ, ಮುಂದಿನ ಬೆಂಚಿನ ಮೇಲೆ ನೊರೆ ಹಾರಿಸಿ, "ಏನು ಹೋಯ್ತು?" ಎಂದು ಕೇಳಿದವರು ಅವರೇ. "ಗ್ಯಾಸು" ಎಂದರು, ಹಿಂದಿನ ಬೆಂಚಿನ ದನಿಯಲ್ಲಿ.

"ಮೀನು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡು. ನೀರಲ್ಲೇ ನಿಂತರೆ ಹುಳಿ, ಹೊರಗೆ ಹೋದರೆ ಹುಳಿ ಇಳಿಯುತ್ತೆ. ನೀವೇ ಬರೆಸಿದ್ದು. ಮೀನಿಗೆ ತೊಂದರೆ ಹುಳಿಯಿಂದಲ್ಲ, ಉಸಿರು ಕಟ್ಟಿರೋದರಿಂದ. ಹುಳಿ ಬರೀ ಅದರ ಗುರುತು. ನೀವು ಸೋಡಾ ಸುರಿದಿದ್ದರೆ, ಗ್ಯಾಸು ಹೋದ ದಿನ ನೀರು ಬಟ್ಟೆ ಒಗೆಯೋ ನೀರಾಗಿರ್ತಿತ್ತು."

"ಅಲ್ವೇ, ಪಂಪು ಓಡ್ತಾನೇ ಇದೆಯಲ್ಲ, ಗ್ಯಾಸು ಯಾಕೆ ಹೋಗಲ್ಲ?"

"ಪಂಪು ಯಾವ ಗಾಳಿ ಊದುತ್ತೆ ಅಗಾಯ್? ಕೋಣೆಯದ್ದೇ. ನಿಮ್ಮ ಕೋಣೆ ಹೇಗಿದೆ?"

ಮೇಷ್ಟ್ರು ಎದೆ ಉಬ್ಬಿಸಿದರು. "ನನ್ನ ಕೋಣೆಗೆ ಸೂಜಿ ಮೊನೆಯಷ್ಟು ಗಾಳೀನೂ ಬರಲ್ಲ!"

ಹೇಳಿ ಮುಗಿಸಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ನಾಜಿಕ ಲೋಟ ತೊಳೆಯಲು ಆ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು.

ತಿಳಿಯಿತೆ? ತಿಳಿಯಿತು. ಆದರೆ ತಿಳಿದದ್ದು ತಲೆಗೆ, ತಾಯಿ ತುರುಕಿದ ಉಣ್ಣೆ ಇದ್ದದ್ದು ಕಿವಿಯಲ್ಲಿ. ಕಿಟಕಿ ತೆಗೆಯಲು ಮೇಷ್ಟ್ರಿಗೆ ಕೈ ಬರಲಿಲ್ಲ. ತೊಟ್ಟಿಯ ಮುಚ್ಚಳ ತೆಗೆದರು, ಬಜಾರಿನಿಂದ ಇನ್ನೊಂದು ಪಂಪು ತಂದರು. ನೀರು ಗಡಿಗೆಯಲ್ಲಿ ಕುದಿಯುವಂತೆ ಕುಣಿಯಿತು. ಪಿಎಚ್ ಆರೂ ಮುಕ್ಕಾಲಿಗೆ ಬಂತು. "ನೋಡಿದೆಯಾ, ಗೆದ್ದೆ!" ಎಂದರು. ಬುರುಲ್ಚಾ ಎರಡು ಪಂಪಿನ ಗಲಾಟೆಗೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು.

ಭಾನುವಾರ ಬಂತು. ಬೆಳಗಿನಿಂದ ಗ್ಯಾಸ್ ಒಲೆಯ ನಾಲ್ಕೂ ಉರಿ ಹತ್ತಿಸಿ ಕುರಿ ಮಾಂಸ ಬೇಯಿಸಿದರು, ಬೊರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದರು. ಮಧ್ಯಾಹ್ನಕ್ಕೆ ಹತ್ತೊಂಬತ್ತು ಜನ ಒಂದೇ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಉಂಡು, ಹಾಡಿ, ಹೊಗಳಿಕೆಯ ಮಾತಾಡಿ ಬೆವರಿದರು. ಕಿಟಕಿಯ ಗಾಜಿನ ಮೇಲೆ ನೀರಿಳಿಯುತ್ತಿತ್ತು. ಹಿರಿಯರಿಗೆ ಸಲ್ಲುವ ಕುರಿಯ ತಲೆ ಮೇಷ್ಟ್ರ ಮುಂದೆ ಬಂದು ಕೂತ ಹೊತ್ತಿಗೆ ಶಾಬ್ದಾನ್ ಕೂಗಿದರು:

"ಏ ಬೇಶೆನಾಲಿ! ನಿನ್ನ ನಾಚಿಕೆ ಇಲ್ಲದ ಮೀನುಗಳು ಇವತ್ತು ಭಾಷಣ ಮಾಡೋಕೆ ಮೇಲೆ ಬಂದಿವೆ ಕಣೋ!"

ಎಲ್ಲರೂ ನಕ್ಕರು. ಮೇಷ್ಟ್ರು ತಿರುಗಿ ನೋಡಿದರು. ಎರಡೂ ಮೀನು ನೀರಿನ ಅಂಚಿಗೆ ಅಂಟಿ ನಿಂತಿದ್ದವು. ಒಂದು ಪಕ್ಕಕ್ಕೆ ವಾಲುತ್ತಿತ್ತು. ಎರಡು ಪಂಪು ಸೇರಿ ಹತ್ತೊಂಬತ್ತು ಜನರ ಉಸಿರನ್ನು ಅವುಗಳ ಮೂತಿಗೆ ಊದುತ್ತಿದ್ದವು. ಪಾಪ್ಲರ್ ಮರದ ಬುಡ ಮೇಷ್ಟ್ರ ಕಣ್ಣ ಮುಂದೆ ಬಂತು.

ಬುರುಲ್ಚಾ ರೊಟ್ಟಿ ಕೊಯ್ಯುವ ಚಾಕು ಹಿಡಿದು ಎದುರಿಗೆ ನಿಂತಳು. "ಕಿಟಕಿನೋ ಮೀನೋ, ಈಗಲೇ ಹೇಳು ಮುದುಕಾ. ನಾನು ಮುಟ್ಟಿದರೆ ವರ್ಷವಿಡೀ ನಿನ್ನ ಕೆಮ್ಮಿಗೆಲ್ಲ ನಾನೇ ಕಾರಣ ಅಂತೀಯ. ನೀನೇ ಮಾಡು."

ಮೇಷ್ಟ್ರು ಚಾಕು ತೆಗೆದುಕೊಂಡರು. ತಮ್ಮದೇ ಕೈಯ ಅಂಟು, ಕಲ್ಲಿನಂತೆ ಕೂತಿತ್ತು. ಕೆರೆದರು, ಕೊಯ್ದರು, ಎಳೆದರು. ಕಿಟಕಿ ಕಿರ್ ಎಂದು ಬಾಯಿ ಬಿಟ್ಟಿತು. ಹಿಮದ ವಾಸನೆಯ ಗಾಳಿ ಒಳಗೆ ನುಗ್ಗಿ ಹತ್ತೊಂಬತ್ತು ಜನ ಒಟ್ಟಿಗೆ "ಆಹ್!" ಎಂದರು. ಮೇಷ್ಟ್ರು ಮಾತ್ರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಕಿತ್ತ ಪಟ್ಟಿ ಬೆರಳಿಗೆ ಅಂಟಿಕೊಂಡೇ ಇತ್ತು. ಕೈ ಇಳಿಸಿ ನೋಡಿದರೆ, ಯಾವುದೋ ಹುಡುಗನ ಹಳೇ ಪರೀಕ್ಷೆಯ ಹಾಳೆ, ಅದರ ಮೇಲೆ ತಮ್ಮದೇ ಕೆಂಪು ಶಾಯಿ: "ಅನಿಲ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದೇ ಇವನಿಗೆ ಗೊತ್ತಿಲ್ಲ. ಐದಕ್ಕೆ ಎರಡು. ನಪಾಸು."

ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. "ಈ ಹುಡುಗ ಯಾರೋ, ಎಲ್ಲಿದ್ದಾನೋ. ಅವನ ಅಂಕ ವಾಪಸ್ ತಗೊಂಡೆ. ಇವತ್ತಿಂದ ಇದು ನನ್ನದು" ಎಂದರು. ಜೊತೆಗೆ ಸತ್ತ ಎರಡು ಮೀನಿನ ವಿಷಯವನ್ನೂ ಕಕ್ಕಿಬಿಟ್ಟರು.

ಶಾಬ್ದಾನ್ ಕುರಿಯ ಕಿವಿ ಕೊಯ್ದು ಅವರ ಕೈಗಿಟ್ಟರು. "ತಗೋ, ಹುಡುಗರಿಗೆ ಕೊಡೋ ತುಂಡು. ದೊಡ್ಡವರ ಮಾತು ಕೇಳ್ಲಿ ಅಂತ ಕೊಡ್ತಾರೆ. ಸತ್ತದ್ದು ನಮಗೆಲ್ಲ ಗೊತ್ತು ಕಣಯ್ಯಾ. ನೀನು ಮರದ ಕೆಳಗೆ ಟೋಪಿ ತೆಗೆದು ನಿಂತಿದ್ದನ್ನ ಕಟ್ಟಡವಿಡೀ ನೋಡಿದೆ."

ಎಲ್ಲರೂ ಕೋಟು ಹೊದ್ದುಕೊಂಡು ಊಟ ಮುಂದುವರಿಸಿದರು. ಅರ್ಧ ಗಂಟೆಯಲ್ಲಿ ವಾಲಿದ್ದ ಮೀನು ನೆಟ್ಟಗಾಯಿತು. ಚಹಾ ಬರುವ ಹೊತ್ತಿಗೆ ಎರಡೂ ಕೆಳಗಿಳಿದು ಮರಳನ್ನು ಮೂಸುತ್ತಿದ್ದವು. ಕಾಗದ ಅದ್ದಿದರೆ ಏಳು ದಾಟಿತ್ತು.

ಜನರೆಲ್ಲ ಹೋದ ಮೇಲೆ ಬುರುಲ್ಚಾ ತಟ್ಟೆ ಜೋಡಿಸುತ್ತ, ತೆರೆದ ಕಿಟಕಿಯ ಕಡೆ ನೋಡಿ ತನ್ನಷ್ಟಕ್ಕೆ ನಕ್ಕಳು.

"ಏನು ಮುದುಕಿ?"

"ನಮ್ಮ ಮದುವೆ ದಿನ ತೆರೆ ಹಿಂದಿಂದ ನಾನು ಏನು ಹೇಳಿದೆ ಅಂತ ಕೇಳ್ತಿದ್ದೆಯಲ್ಲ."

"ಹೂಂ."

"ಬಾಗಿಲು ಸ್ವಲ್ಪ ತೆಗೀರಿ, ಉಸಿರು ಕಟ್ತಾ ಇದೆ ಅಂದಿದ್ದೆ."