ದಾರ ಕಟ್ಟಿದ ಚೀಟಿಗಳು

ಕಂಬಿಗೆ ಚುಚ್ಚಿದ ಚೀಟಿಗಳ ಕಟ್ಟೊಂದು ಹೋದ ವಾರ ಶೆಡ್ಡಿನ ಬೀರುವಿನ ಹಿಂದೆ ಸಿಕ್ಕಿತು. ಧೂಳು ಕೊಡವುವ ಮೊದಲೇ ಗ್ರೀಸಿನ ವಾಸನೆ ಬಂತು. ಚೀಟಿಗಳ ಅಂಚಿನಲ್ಲಿ ಕರಿ ಹೆಬ್ಬೆಟ್ಟಿನ ಗುರುತುಗಳಿದ್ದವು. ಅಲ್ಲಲ್ಲಿ ಎರಡೋ ಮೂರೋ ಚೀಟಿಗಳನ್ನು ಸೇರಿಸಿ ದಾರ ಕಟ್ಟಿತ್ತು. ಕೈ ಒರೆಸುವ ಹತ್ತಿ ವೇಸ್ಟಿನಿಂದ ಎಳೆದ ದಾರ, ಒಂದು ಕೆಂಪು, ಇನ್ನೊಂದು ಹಸಿರು. ಅದು ಬಸ್ಸು ರಿಪೇರಿ ಮಾಡುತ್ತಿದ್ದ ನಮ್ಮ ಮೇಸ್ತ್ರಿಯ ಕೆಲಸ.

ಮೇಸ್ತ್ರಿ ತೀರಿಹೋಗಿ ಮೂರು ವರ್ಷವಾಯಿತು. ಕಾಯಿಲೆ ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು ಎಂದು ಶೆಡ್ಡಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಆದರೆ ನನಗೆ ಮೊದಲೇ ಗೊತ್ತಾಗಬಹುದಿತ್ತು. ಗೊತ್ತಾಗುವಷ್ಟು ಕಾಗದ ನನ್ನ ಕೈಯಲ್ಲೇ ಇತ್ತು.

ಹಿರಿಯೂರಿನ ಒಂದು ಖಾಸಗಿ ಬಸ್ ಶೆಡ್ಡಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ನಮ್ಮ ಬಸ್ಸುಗಳು ಹೊಸದುರ್ಗ, ಹೊಳಲ್ಕೆರೆ, ದುರ್ಗ ಸುತ್ತಿ ಬಂದು ಬಬ್ಬೂರಿನ ಕಡೆಯ ಈ ಶೆಡ್ಡಿಗೆ ಸೇರುತ್ತವೆ. ಆಗೆಲ್ಲ ಡ್ರೈವರುಗಳು ಇಳಿದ ಮೇಲೆ ಗಾಡಿಯ ದೂರನ್ನು ಚೀಟಿಯಲ್ಲಿ ಬರೆದು ಕಂಬಿಗೆ ಚುಚ್ಚಿ ಹೋಗುತ್ತಿದ್ದರು. ಕ್ಲಚ್ಚು ಬಿಗಿ, ಬ್ರೇಕು ಸಡಿಲ, ಹಿಂದಿನ ಬಾಗಿಲು ಕೂರುತ್ತಿಲ್ಲ, ಹೀಗೆ. ಮೇಸ್ತ್ರಿ ಬೆಳಿಗ್ಗೆ ಬಂದವರೇ ಕಂಬಿಯ ಮುಂದೆ ನಿಂತು ಎಲ್ಲವನ್ನೂ ಓದುತ್ತಿದ್ದರು. ಓದುತ್ತ ಓದುತ್ತ ವೇಸ್ಟಿನಿಂದ ಒಂದು ಎಳೆ ಕಿತ್ತು, ಯಾವುದೋ ಎರಡು ಚೀಟಿಗಳಿಗೆ ಗಂಟು ಹಾಕುತ್ತಿದ್ದರು. ಒಂದರಲ್ಲಿ 'ಪಿಕಪ್ ಇಲ್ಲ' ಎಂದಿರುತ್ತಿತ್ತು, ಇನ್ನೊಂದರಲ್ಲಿ 'ಕರಿ ಹೊಗೆ'. "ಎರಡೂ ಒಂದೇ ರೋಗ" ಎನ್ನುತ್ತಿದ್ದರು, ಅಷ್ಟೇ.

ಮಾಲೀಕರು ಸಾಫ್ಟ್‌ವೇರ್ ತರಿಸಿದ ಮೇಲೆ ಆ ಚೀಟಿಗಳನ್ನು ಟೈಪ್ ಮಾಡುವುದು ನನ್ನ ಕೆಲಸವಾಯಿತು. ಒಂದು ದೂರು ಹಾಕಿದರೆ ಸಾಕು, 'ಇದೇ ಬಗೆಯ ದೂರು ಮೊದಲೇ ಇದೆ, ಜೋಡಿಸಬೇಕೆ?' ಎಂದು ಪರದೆಯ ಮೇಲೆ ಕೇಳುತ್ತಿತ್ತು. ಮೇಸ್ತ್ರಿಯನ್ನು ಕರೆದು ತೋರಿಸಿದೆ. "ಇನ್ಮೇಲೆ ನಿಮ್ಮ ದಾರಕ್ಕೆ ಕೆಲಸ ಇಲ್ಲ ಮೇಸ್ತ್ರಿ" ಎಂದು ರೇಗಿಸಿದೆ.

"ಒಳ್ಳೇದಾತು ಬಿಡಮ್ಮ, ನನ್ನ ಕಣ್ಣಿಗೂ ರಜಾ" ಎಂದು ನಕ್ಕರು. ದಾರ ಕಟ್ಟುವುದನ್ನು ಮಾತ್ರ ಬಿಡಲಿಲ್ಲ.

ಆ ವರ್ಷ 'ಹೆಡ್‌ಲೈಟ್ ಮಂದ' ಎಂಬ ದೂರು ಬರತೊಡಗಿತು. ಒಂದೊಂದಾಗಿ ಐದು ಬಸ್ಸುಗಳಿಂದ ಬಂತು. ಸಾಫ್ಟ್‌ವೇರ್ ಐದನ್ನೂ ಜೋಡಿಸಿತು. ಒಟ್ಟಿಗೆ ತರಿಸಿದ ಬಲ್ಬುಗಳೆಲ್ಲ ಕಳಪೆಯಿರಬೇಕು ಎಂದು ನಾನೇ ಮಾಲೀಕರಿಗೆ ಹೇಳಿದೆ. ದುರ್ಗದಿಂದ ಹೊಸ ಬಲ್ಬುಗಳು ಬಂದವು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಹತ್ತು ದಿನ ಕಳೆಯುವಷ್ಟರಲ್ಲಿ ಆರನೆಯ ಬಸ್ಸಿನಿಂದಲೂ ಅದೇ ದೂರು ಬಂತು.

ಮೇಸ್ತ್ರಿ ಆರೂ ಚೀಟಿಗಳನ್ನು ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. "ಬಸ್ಸು ಆರು ಅವೆ. ಬರೆದ ಕೈ ಒಂದೇ ಐತೆ, ನೋಡಮ್ಮ."

ನೋಡಿದೆ. ಮೊದಲ ಚೀಟಿಯಲ್ಲಿ ಅಕ್ಷರಗಳು ಗೆರೆಯ ಮೇಲೆ ಕೂತಿದ್ದವು. ಬರಬರುತ್ತ ದೊಡ್ಡದಾಗಿ, ಕೊನೆಯದರಲ್ಲಿ ಗೆರೆ ಬಿಟ್ಟು ಚೀಟಿಯ ತುದಿಗೆ ಜಾರಿದ್ದವು. ಅದು ಬಾಗೂರಿನಿಂದ ಬರುತ್ತಿದ್ದ ಹಿರಿಯ ಡ್ರೈವರ ಕೈಬರಹ. ರಜೆ ಹಾಕಿದವರ ಬದಲಿಗೆ ದಿನಕ್ಕೊಂದು ಗಾಡಿ ಹತ್ತುತ್ತಿದ್ದರು, ಅವರ ಕೊನೆಯ ಟ್ರಿಪ್ಪು ಮುಗಿಯುವಾಗ ಕತ್ತಲಾಗಿರುತ್ತಿತ್ತು. ಸಾಫ್ಟ್‌ವೇರಿನಲ್ಲಿ ಡ್ರೈವರ ಹೆಸರಿಗೂ ಜಾಗವಿತ್ತು. ಖಾಲಿ ಬಿಟ್ಟರೂ ನಡೆಯುತ್ತಿತ್ತು, ಬಿಡುತ್ತಿದ್ದೆ. ನನ್ನ ಪರದೆಯ ಮೇಲೆ ಆರು ದೂರುಗಳೂ ಒಂದೇ ಅಳತೆಯ ಅಕ್ಷರಗಳಲ್ಲಿದ್ದವು.

ಡ್ರೈವರನ್ನು ಕರೆಸಿದೆವು. ಅವರು ಚೀಟಿಗಳ ಕಡೆ ನೋಡಲೇ ಇಲ್ಲ. "ಕಂಪ್ಯೂಟರಿಗೆ ನನ್ನ ಹೆಸರು ಹಾಕಬೇಡಮ್ಮ. ಓನರ್‌ಗೆ ಗೊತ್ತಾದ್ರೆ ಮನೆಗೆ ಕಳಿಸ್ತಾರೆ" ಎಂದರು.

ಮೇಸ್ತ್ರಿ ಕೈ ಚಾಚಿದರು. "ಲೇ, ನಿನ್ನ ಹಿಂದೆ ಐವತ್ತು ಜನ ಕುಂತಿರ್ತಾರೆ. ಕೀ ಕೊಡು ಇಲ್ಲಿ. ನಾಳೆ ದುರ್ಗಕ್ಕೆ ಹೋಗಾಣ, ಕಣ್ಣು ತೋರ್ಸಾಣ."

ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮೇಸ್ತ್ರಿಯೇ ಮಾಲೀಕರ ಕೋಣೆಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದರು. ಒಳಗೆ ಏನು ಹೇಳಿದರೋ ಗೊತ್ತಿಲ್ಲ… ಡ್ರೈವರ ಕೆಲಸ ಉಳಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡು, ಕನ್ನಡಕ ಹಾಕಿಕೊಂಡು ಬಂದರು. ಹಗಲಿನ ಹೊಳಲ್ಕೆರೆ ಗಾಡಿ ಸಿಕ್ಕಿತು. ಈಗಲೂ ಅದರಲ್ಲೇ ಇದ್ದಾರೆ.

ಮೇಸ್ತ್ರಿಗೆ ಓದುವುದೆಂದರೆ ಸರಿ, ಬರೆಯುವುದೆಂದರೆ ಆಗುತ್ತಿರಲಿಲ್ಲ. ರಜಾ ಅರ್ಜಿಯನ್ನು ನನ್ನಿಂದಲೇ ಬರೆಸುತ್ತಿದ್ದರು. "ನಿನ್ನ ಅಕ್ಷರ ಗುಂಡಗೆ ಅವೆ, ಓನರ್ ಬೇಗ ಒಪ್ತಾರೆ" ಎನ್ನುತ್ತಿದ್ದರು. ಅದೇ ವರ್ಷ ನಾಲ್ಕು ಸಲ ಬರೆದುಕೊಟ್ಟೆ. ಮೊದಲನೆಯದು ಸೊಂಟ ನೋವಿಗೆ. ದಿನವೆಲ್ಲ ಬಸ್ಸಿನಡಿ ಮಲಗುವವರಿಗೆ ಇನ್ನೇನು ಬರುತ್ತದೆ ಅಂದುಕೊಂಡೆ. ಎರಡನೆಯದು ಊಟ ಸೇರುತ್ತಿಲ್ಲ ಎಂದು. ಮೂರನೆಯದು ಜ್ವರಕ್ಕೆ. ನಾಲ್ಕನೆಯ ಸಲ ಕಾರಣ ಕೇಳಿದರೆ, "ಸುಸ್ತು ಅಂತ ಬರಿ" ಎಂದರು. ಒಂದೊಂದಕ್ಕೂ ನಡುವೆ ಒಂದೂವರೆ, ಎರಡು ತಿಂಗಳು. ಬರೆದೆ, ಸಹಿ ಹಾಕಿಸಿದೆ, ಫೈಲಿಗೆ ಸೇರಿಸಿದೆ.

ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಅವರು ವೈರಿನ ತುಂಡೊಂದನ್ನು ಬಿಗಿದುಕೊಳ್ಳತೊಡಗಿದ್ದರು. "ಏನ್ ಮೇಸ್ತ್ರಿ, ಮದುವೆ ಗಂಡಿನ ಥರ ಸಣ್ಣ ಆಗ್ತಿದ್ದೀರಿ" ಎಂದು ತಮಾಷೆ ಮಾಡಿದೆ.

"ಮುದ್ದೆ ಕಮ್ಮಿ ಮಾಡಿದೀನಿ ಕಣಮ್ಮ" ಎಂದರು.

ಅವರಿಗೆ ಗೊತ್ತಿತ್ತೋ ಏನೋ… ಆರು ಚೀಟಿಗಳಲ್ಲಿ ಒಂದು ಕೈ ಕಂಡ ಮನುಷ್ಯ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದು ಕೇಳಲು ಈಗ ಯಾರೂ ಇಲ್ಲ.

ನಾಲ್ಕನೆಯ ಅರ್ಜಿ ಕೊಟ್ಟು ಹೋದವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಮನೆಯವರು ದಾವಣಗೆರೆಗೆ ಕರೆದೊಯ್ದು ತೋರಿಸಿದರು. ಹೊಟ್ಟೆಯಲ್ಲಿ ಗಡ್ಡೆಯಿತ್ತು, ಬೇರೆ ಕಡೆಗೂ ಹರಡಿತ್ತು. ನಾಲ್ಕೈದು ತಿಂಗಳ ಹಿಂದೆ ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ.

ಸುದ್ದಿ ತಂದವರು ಬಾಗೂರಿನ ಡ್ರೈವರೇ. ನನ್ನ ಮೇಜಿನ ಮುಂದೆ ನಿಂತು ಕನ್ನಡಕ ತೆಗೆದು, "ಮೇಸ್ತ್ರಿ ಹೋದ್ರಮ್ಮ" ಎಂದರು. ಹೂಂ ಎಂದೆ. ಕೈಯಲ್ಲಿದ್ದ ಚೀಟಿಯನ್ನು ಟೈಪ್ ಮಾಡಿ ಮುಗಿಸಿದೆ. ವೈಪರ್ ಕೆಲಸ ಮಾಡುತ್ತಿಲ್ಲ ಎಂದು ಅದರಲ್ಲಿತ್ತು. ಅವರ ಊರು ಬಿ.ದುರ್ಗದಲ್ಲಿ ಮಣ್ಣಿಗೂ ಹೋಗಿದ್ದೆ. ಎಲ್ಲರಂತೆ ಒಂದು ಹಿಡಿ ಹಾಕಿ ಬಂದೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಈಗ ಡ್ರೈವರುಗಳೇ ಮೊಬೈಲಿನಲ್ಲಿ ದೂರು ಹಾಕುತ್ತಾರೆ. ಹೊಸ ಸಾಫ್ಟ್‌ವೇರ್ ಜೋಡಿಸಬೇಕೆ ಎಂದು ಯಾರನ್ನೂ ಕೇಳುವುದಿಲ್ಲ, ತಾನೇ ಜೋಡಿಸಿಕೊಳ್ಳುತ್ತದೆ. ಕಂಬಿಯನ್ನು ಯಾವಾಗಲೋ ಕಿತ್ತಿದ್ದಾರೆ.

ಆ ಕಟ್ಟು ಸಿಕ್ಕ ದಿನ ರಜಾ ಅರ್ಜಿಗಳ ಹಳೆಯ ಫೈಲು ತೆಗೆದೆ. ನಾಲ್ಕೂ ಅಲ್ಲೇ ಇದ್ದವು. ನನ್ನದೇ ಗುಂಡಗಿನ ಅಕ್ಷರ, ಮೊದಲನೆಯದರಿಂದ ಕೊನೆಯದರವರೆಗೆ ಒಂದೇ ಸಮ. ಕೆಳಗೆ ಅವರ ಸಹಿ. ಯಾಕೆಂದು ಹೇಳಲಾರೆ, ಯಾವುದೋ ಒಂದು ಬಸ್ಸಿನ ನಂಬರು ಹಾಕಿ ನಾಲ್ಕನ್ನೂ ದೂರುಗಳಾಗಿ ಟೈಪ್ ಮಾಡಿದೆ. ಸೊಂಟ ನೋವು. ಊಟ ಸೇರುತ್ತಿಲ್ಲ. ಜ್ವರ. ಸುಸ್ತು.

'ಇದೇ ಬಗೆಯ ದೂರು ಇಲ್ಲ' ಎಂದು ನಾಲ್ಕು ಸಲವೂ ಬಂತು. ನಾಲ್ಕನ್ನೂ ಅಳಿಸಿದೆ.

ಸಾಫ್ಟ್‌ವೇರನ್ನು ದೂರಿ ಏನು ಮಾಡಲಿ. ಸೊಂಟಕ್ಕೆ ಬಿಗಿದ ವೈರು ಅದಕ್ಕೆ ಕಂಡಿರಲಿಲ್ಲ. ನನಗೆ ಕಂಡಿತ್ತು. ನಕ್ಕಿದ್ದೆ.